ಬಂದ್ ಮಾಡಬೇಕಾದ ನಂಬರು

ಇದು ಮೋಸದ ಕೇಸೇ ಇರಬೇಕು ಎಂದು ಭಾಗ್ಯಾಗೆ ಮೊದಲ ಸಾಲಿಗೇ ಅನಿಸಿತು.

‘ನಮ್ಮ ಮನಿಯವರು ತೀರಿಕೊಂಡಾರ್ರಿ. ಅವರ ಹೆಸರಿನ ಡೋಂಗಲ್ ನಂಬರ್ ಬಂದ್ ಮಾಡ್ರಿ’ ಎಂದು ಪಿಂಪ್ರಿಯಿಂದ ರೇಣು ಎಂಬಾಕೆ ಟೈಪ್ ಮಾಡಿದ್ದಳು. ಬದುಕಿದ್ದವರನ್ನು ಕಾಗದದಲ್ಲಿ ಕೊಂದು ಅವರ ಲೈನ್ ಕತ್ತರಿಸುವ ಪುಣ್ಯಾತ್ಮರಿಗೆ ಪುಣೆಯಲ್ಲಿ ಬರವಿಲ್ಲ.

ಮೊಬೈಲ್ ಕಂಪನಿಯೊಂದರ ಗ್ರಾಹಕರಿಗೆ ಚಾಟ್‌ನಲ್ಲಿ ಉತ್ತರ ಕೊಡುವುದು ಭಾಗ್ಯಾಳ ಕೆಲಸ. ಕಾತ್ರಜದ ಬಾಡಿಗೆ ಕೋಣೆ, ಕಂಪನಿ ಕಳಿಸಿಕೊಟ್ಟ ಡೆಸ್ಕ್‌ಟಾಪ್, ಅದರ ಹಿಂದೆ ನೆಟ್‌ಗಾಗಿ ಸಿಕ್ಕಿಸಿದ ಡೋಂಗಲ್. ರಜೆ ಮುಗಿಸಿ ಇಂದೇ ಮತ್ತೆ ಕೂತಿದ್ದಳು. ಅಳುವಿಲ್ಲ, ಸಿಟ್ಟಿಲ್ಲ, ಮನಸ್ಸು ಜೋಮು ಹಿಡಿದ ಕಾಲಿನಂತಾಗಿತ್ತು. ಮೇಲ್ವಿಚಾರಕಿ ಶರ್ವರಿ ಬೆಳಿಗ್ಗೆಯೇ ಫೋನ್ ಮಾಡಿ ಎಚ್ಚರಿಸಿದ್ದಳು. ರಜೆ ಸಾಕಷ್ಟಾಯಿತು, ಇಂದು ಕೆಲಸದ ನಡುವೆ ನೆಟ್ ಹೋದರೆ ನಾಳೆಯಿಂದ ಲಾಗಿನ್ ಆಗುವುದೇ ಬೇಡ. ಮನೆ ನಡೆಯುವುದು ಈಗ ಈ ಒಂದು ಸಂಬಳದ ಮೇಲೆ.

ರೇಣು ಮರಣಪತ್ರವನ್ನೂ ಕಳಿಸಿದ್ದಳು. ಭಾಗ್ಯಾ ಅದನ್ನು ತೆರೆದು ಬಹಳ ಹೊತ್ತು ನೋಡಿದಳು. ತಪ್ಪೇನೂ ಸಿಗಲಿಲ್ಲ.

‘ಅವರ ಹುಟ್ಟಿದ ದಿನಾಂಕ ತಿಳಿಸಿ’ ಎಂದು ನಿಯಮದಂತೆ ಕೇಳಿದಳು.

‘ತಾರೀಖು ಗೊತ್ತಿಲ್ರಿ. ಯುಗಾದಿ ಮರುದಿನ ಹುಟ್ಟೀನಿ ಅಂತಿದ್ರು.’

ಬೇಡವೆನ್ನಲು ಇಷ್ಟು ನೆಪ ಸಾಕಿತ್ತು. ತಾರೀಖು ಹೇಳದವರ ಅರ್ಜಿ ವಾಪಸ್ ಕಳಿಸಿದರೆ ಕಂಪನಿಯಲ್ಲಿ ಯಾರೂ ಕೇಳುವುದಿಲ್ಲ. ಗ್ರಾಹಕನ ದಾಖಲೆಯ ಪುಟ ಇನ್ನೂ ತೆರೆದುಕೊಂಡಿರಲಿಲ್ಲ. ಭಾಗ್ಯಾ ‘ಸರಿ ಇದೆ’ ಎಂದು ಬರೆದಳು.

‘ಇನ್ನೊಂದು ಕೇಳ್ಲೇನ್ರಿ? ಅವರು ಹೋದಾಗಿಂದ ಈ ನಂಬರ್ ಸುಮ್ಮನಿತ್ತು. ಇವತ್ತು ಮುಂಜಾನಿಂದ ಡೇಟಾ ಖರ್ಚಾತು ಅಂತ ಅವರ ಮೊಬೈಲಿಗೆ ಮೆಸೇಜ್ ಬರಾಕತ್ತಾವ. ಯಾರು ಬಳಸಾಕತ್ತಾರ ಹೇಳ್ರಿ. ಅದೊಂದು ಗೊತ್ತಾದ್ರ ನನಗ ನಿದ್ದಿ ಬರ್ತದ.’

‘ಅದನ್ನು ಹೇಳಲು ನಮಗೆ ಅವಕಾಶವಿಲ್ಲ.’

‘ಹೆಸರು ನೋಡಿದ್ರ ನೀವೂ ಹೆಣ್ಮಗಳ ಅದೀರಿ. ಹೇಳ್ರಿ.’

ಭಾಗ್ಯಾ ಎದ್ದು ನೀರು ಕುಡಿದು ಬಂದಳು. ಪ್ರಶ್ನೆ ಅಲ್ಲೇ ಇತ್ತು. ಕಂಪನಿಯ ಭಾಷೆಯನ್ನು ಬಿಟ್ಟು, ತನ್ನ ಮನೆಯ ಮಾತಿನಲ್ಲಿ ಬರೆದಳು:

‘ಇನ್ನ ಮ್ಯಾಲ ಯಾರೂ ಬಳಸಂಗಿಲ್ಲ, ಅಕ್ಕಾ.’

ಈ ಸಂಪರ್ಕ ಸದ್ಯ ಬಳಕೆಯಲ್ಲಿದೆ, ಆದರೂ ಸ್ಥಗಿತಗೊಳಿಸಬೇಕೇ ಎಂದು ಕಂಪ್ಯೂಟರು ಕೇಳಿತು. ಅವಳು ಹೌದು ಎಂದು ಒತ್ತಿದಳು.

ರೇಣು ಆ ಕಡೆ ಮತ್ತೇನೋ ಬರೆಯುತ್ತಿದ್ದಳು. ಅದು ಬಂದು ಮುಟ್ಟುವ ಮೊದಲೇ ಭಾಗ್ಯಾಳ ಪರದೆಯ ಮೇಲೆ ನೆಟ್ ಇಲ್ಲವೆಂದು ಬಂತು. ಸ್ವಲ್ಪ ಹೊತ್ತಿಗೆ ಶರ್ವರಿಯ ಫೋನ್ ಬರತೊಡಗಿತು. ಅವಳು ಎತ್ತಲಿಲ್ಲ.

ಈ ಡೋಂಗಲ್ ಕೊಡಿಸುವಾಗ ಭಾಗ್ಯಾಳ ಗಂಡ ದೇವಾನಂದ ಸಿಮ್ಮನ್ನು ತನ್ನ ಹೆಸರಿನಲ್ಲೇ ತೆಗೆದುಕೊಂಡಿದ್ದ. ರೇಣು ಕಳಿಸಿದ ಮರಣಪತ್ರದಲ್ಲಿದ್ದುದೂ ಅದೇ ಹೆಸರು.