ಎರಡನೇ ಸಿಲಿಂಡರ್

ನೆಂಟರು ಬಂದರೆ ಕುಮುದಾ ಮೊದಲು ನೋಡುತ್ತಿದ್ದುದು ಮುಖವನ್ನಲ್ಲ, ಬೆನ್ನನ್ನು. ನೀರು ತುಂಬಿದ ಸುರಂಗದಲ್ಲಿ ಮುಳುಗಿಯೇ ಒಂದು ಗುಹೆಮನೆಯಿಂದ ಇನ್ನೊಂದಕ್ಕೆ ಹೋಗಬೇಕಾದ ಕಾಲವದು. ಬಂದವರ ಉದ್ದೇಶವನ್ನು ಅವರ ಗಾಳಿ ಸಿಲಿಂಡರೇ ಹೇಳಿಬಿಡುತ್ತಿತ್ತು. ಇವತ್ತು ಮೈದುನ ಬೀರಪ್ಪ ಒಬ್ಬನೇ ಬಂದಿದ್ದ, ಸಿಲಿಂಡರ್ ಮಾತ್ರ ಎರಡು ತಂದಿದ್ದ.

"ಇನ್ನೊಂದು ಯಾರಿಗೆ ಬೀರಪ್ಪ?"

"ನಿಮಗೇ ಅತ್ತಿಗೆ. ಈ ಗುಹೆ ಗಾಳಿ ಕೆಟ್ಟಿದೆ. ಈಗಲೇ ಹೊರಡಿ, ನಮ್ಮನೇಲಿ ಇರಿ."

ಗುಹೆಯ ಮೇಲೆ ಇವನ ಕಣ್ಣು ಬಿದ್ದಿದೆ ಎಂದು ಅವಳಿಗೆ ಖಾತ್ರಿಯಾಯಿತು. ಗಂಡ ಮನೆಗಿದ್ದ ಒಂದೇ ಸಿಲಿಂಡರಿನ ಸಮೇತ ಸುರಂಗದ ಪಾಲಾದಾಗಿನಿಂದ ಅವಳು ಯಾರನ್ನೂ ನಂಬಿದವಳಲ್ಲ. ತಿಂಗಳಿಂದ ದೀಪ ಮಿಣುಕುತ್ತಿದ್ದುದಕ್ಕೂ, ಕಲಬೆರಕೆ ಮಾಡಿದ್ದೀಯ ಎಂದು ಎಣ್ಣೆ ಮಾರುವವನನ್ನು ಬಯ್ದು ಅಟ್ಟಿದ್ದಳು.

"ಆಯ್ತಪ್ಪ, ಮೊದಲು ಗಂಜಿ ಕುಡಿ" ಎಂದು ಅವನನ್ನು ಒಳಗೆ ಕೂರಿಸಿದಳು. ಆಮೇಲೆ ಎರಡನೇ ಸಿಲಿಂಡರನ್ನು ದೀಪವಿದ್ದ ಮೂಲೆಗೆ ಎಳೆದು, ಸದ್ದು ಕೇಳದಂತೆ ಸೆರಗು ಸುತ್ತಿ, ತಿರುಪು ಬಿಚ್ಚಿದಳು. ಗಾಳಿಯಿಲ್ಲದೆ ನನ್ನನ್ನು ಅದ್ಹೇಗೆ ಕರೆದೊಯ್ಯುತ್ತಾನೋ ನೋಡೇಬಿಡೋಣ!

ಸಿಲಿಂಡರ್ ಬರಿದಾಗುವ ಹೊತ್ತಿಗೆ ಗೋಡೆಯ ಮೇಲೆ ಅವಳದೇ ನೆರಳು ಕಡುಕಪ್ಪಾಗಿ ಎದ್ದಿತು. ಬೆಚ್ಚಿ ತಿರುಗಿದಳು.

ತಿಂಗಳಿಂದ ಮಿಣುಕುತ್ತಿದ್ದ ದೀಪ ಗೇಣುದ್ದ ಉರಿಯುತ್ತಿತ್ತು, ಅದೇ ಎಣ್ಣೆಯಲ್ಲಿ.