ರತ್ನಾಬಾಯಿ ಆರಿಸಿದ ಹಾವು

ಫಕ್ರುಸಾಬ ಮೂರನೆಯ ಬುಟ್ಟಿಯ ಮುಚ್ಚಳ ತೆಗೆಯುವುದರೊಳಗೆ ಅಂದಾನಪ್ಪ ಅಂಗಳ ದಾಟಿ ಬೀದಿಯಲ್ಲಿದ್ದ.

“ಮಾಮಾ, ಓಡಬ್ಯಾಡ. ನೀ ಓಡಿದರ ಅದೂ ಬೆದರತೈತಿ,” ಎಂದಳು ರತ್ನಾಬಾಯಿ. ಅವಳ ದನಿಯೂ ನಡುಗುತ್ತಿತ್ತು. ಆದರೆ ನಿಂತ ಜಾಗದಿಂದ ಅವಳು ಕದಲಲಿಲ್ಲ.

ಫಕ್ರುಸಾಬ ನಕ್ಕ. ಸಂತೆ ಸಂತೆ ತಿರುಗಿ ಗಾರುಡಿ ಆಟ ಆಡಿ ಮುದುಕನಾದವನು. ಈಗ ಮೊಣಕಾಲು ನೋವಿನಿಂದ ಗುಡೂರಿನ ಮನೆಯಲ್ಲೇ ಕೂತಿದ್ದ. ಆಟದ ಹಾವುಗಳನ್ನು ಬೇಕಾದವರಿಗೆ ಮಾರಿಬಿಡುತ್ತಿದ್ದಾನೆಂಬ ಸುದ್ದಿ ಕೇಳಿ ಇವರಿಬ್ಬರೂ ಬಂದಿದ್ದರು.

ಅಂದಾನಪ್ಪ ಇಳಕಲ್ಲಿನ ನೇಕಾರ. ಹನ್ನೆರಡು ವರ್ಷದವನಿದ್ದಾಗ ಒಂದು ಮುಂಜಾನೆ ಮಗ್ಗದ ಕುಣಿಗೆ ಕಾಲಿಳಿಬಿಟ್ಟಿದ್ದ. ತಣ್ಣಗಿನದೇನೋ ಪಾದವನ್ನು ಸುತ್ತಿಕೊಂಡಿತ್ತು. ಅದಾಗಿ ಮೂವತ್ತೈದು ವರ್ಷ. ಇಂದಿಗೂ ಕೋಲಿನಿಂದ ಕುಣಿ ಕೆದಕದೆ ಅವನು ಮಗ್ಗಕ್ಕೆ ಕೂತವನಲ್ಲ. ಇಂಥವನಿಗೆ ಅಕ್ಕನ ಮಗಳು ರತ್ನಾಬಾಯಿ ಕಾರ್ಡು ಬರೆದಿದ್ದಳು: ‘ಹೊಸ ನಾಟಕಕ್ಕ ಹಾವು ತರಬೇಕಾಗೈತಿ. ಒಬ್ಬಾಕೀ ಹೋದರ ಕೊಡಲಿಕ್ಕಿಲ್ಲ. ನೀ ಬಾ.’ ತಾಯಿಯಿಲ್ಲದ ಹುಡುಗಿ. ಬಾಬಣ್ಣನ ನಾಟಕ ಕಂಪನಿಗೆ ಅವಳನ್ನು ಸೇರಿಸಿದವನೂ ತಾನೇ. ಬರುವುದಿಲ್ಲವೆನ್ನಲು ಬಾಯಿ ಬರಲಿಲ್ಲ.

ಮೊದಲ ಬುಟ್ಟಿಯ ನಾಗರಹಾವನ್ನು ಅವಳು ನೋಡಿದವಳೇ ಬೇಡವೆಂದಿದ್ದಳು. ಎರಡನೆಯದು ಕೆರೆಹಾವು, ಮುಚ್ಚಳ ಸರಿಸುತ್ತಲೇ ಚಾಟಿಯಂತೆ ಚಿಮ್ಮಿತ್ತು. ಮೂರನೆಯದು ಹೆಬ್ಬಾವು. ಒಂದೂವರೆ ಆಳುದ್ದ, ತೋಳಿನಷ್ಟು ದಪ್ಪ. ಬುಟ್ಟಿ ತೆರೆದರೂ ತನಗೆ ಸಂಬಂಧವೇ ಇಲ್ಲವೆಂಬಂತೆ ಸುರುಳಿಯ ಮೇಲೆ ತಲೆಯಿಟ್ಟು ಮಲಗಿತ್ತು.

“ಮೊದಲ ಕೈ ತೊಳಕೊಂಡು ಬಾ ತಂಗಿ,” ಎಂದ ಫಕ್ರುಸಾಬ. “ಕೋಳಿ ವಾಸನಿ ಇದ್ದರ ಊಟ ಬಂತು ಅಂತ ತಿಳಕೋತೈತಿ. ತಲಿ ಕಡಿಂದ ಕೈ ಹಾಕಬ್ಯಾಡ. ನಡಕ್ಕ ಎರಡೂ ಕೈ ಕೊಟ್ಟು ಎತ್ತು. ಬುಸ್ ಅಂದರ ಬಿಟ್ಟುಬಿಡು.”

ರತ್ನಾಬಾಯಿ ಕೈ ತೊಳೆದು ಬಂದಳು. ಕಣ್ಣು ಮುಚ್ಚಿ, ತೆರೆದು, ಎತ್ತಿದಳು. ಹಾವು ಬುಸ್ ಎನ್ನಲಿಲ್ಲ. ನಾಲಗೆ ಚಾಚಿ ಅವಳ ವಾಸನೆ ನೋಡಿತು. ಆಮೇಲೆ ತೋಳು ಹತ್ತಿ, ಹೆಗಲು ಬಳಸಿ, ಅಲ್ಲೇ ಸುಮ್ಮನಾಯಿತು. ಅವಳ ಮೇಲ್ದುಟಿಯ ಮೇಲೆ ಬೆವರಿನ ಹನಿ. ಬೀದಿಯ ಬೇವಿನ ಮರ ಹಿಡಿದು ನಿಂತಿದ್ದ ಅಂದಾನಪ್ಪ ಮರದ ಹಿಂದಕ್ಕೆ ಸರಿದ.

“ಗದ್ದಲ ಆದರ ಬೆದರತೈತೇನ್ರಿ ಸಾಬ್ರ?”

“ಸಂತ್ಯಾಗ ಡೋಲು ಬಡಿಯೂ ಮುಂದ ಮಲಗಿದ್ದ ಹಾವಿದು.”

“ನನಗ ಏನೂ ಮಾಡಬಾರದು. ನೋಡಿದವರ ಎದಿ ಮಾತ್ರ ಝಲ್ ಅನಬೇಕು.”

“ಹಂಗಂದರ ನಾಟಕಕ್ಕ ಹೇಳಿ ಮಾಡಿಸಿದ್ದು ಬಿಡು. ತಿಂಗಳಿಗೆ ಎರಡು ಕೋಳಿ ಹಾಕು. ತಿಂದ ಮ್ಯಾಲ ನಾಕ ದಿನ ಮುಟ್ಟಬ್ಯಾಡ.”

ಅವಳು ಕಿವಿಯ ಬೆಂಡೋಲೆ ಬಿಚ್ಚಿ ಮುದುಕನ ಅಂಗೈಯಲ್ಲಿಟ್ಟಳು. ಅಂದಾನಪ್ಪ ಬೀದಿಯಿಂದಲೇ ಕೂಗಿದ: “ಕಂಪನಿ ಸಾಮಾನಿಗೆ ನಿನ್ನ ಬೆಂಡೋಲಿ ಯಾಕ?”

“ಪಾತ್ರ ನಂದ ಐತಲ್ಲ ಮಾಮಾ.”

ಹುನಗುಂದದ ಬಸ್ಸಿನಲ್ಲಿ ಬುಟ್ಟಿ ಅವಳ ಕಾಲ ಬಳಿ ಇತ್ತು. ಅಂದಾನಪ್ಪ ಎರಡೂ ಕಾಲನ್ನು ಸೀಟಿನ ಮೇಲೆತ್ತಿ ಕೂತಿದ್ದ. ಕಂಡಕ್ಟರು ಬುಟ್ಟಿಯಲ್ಲಿ ಏನೆಂದು ಕೇಳಿದಾಗ ಅವನು ಗಾಬರಿಯಲ್ಲಿ, “ಹಾ... ಹೂವಿನ ಕಾಯಿಪಲ್ಲೆ” ಎಂದ. ಕಂಡಕ್ಟರು ವಿಚಿತ್ರವಾಗಿ ನೋಡಿ ಮುಂದೆ ಹೋದ. ಬಸ್ಸು ತಗ್ಗಿಗಿಳಿದಾಗಲೆಲ್ಲ ಬುಟ್ಟಿಯೊಳಗೆ ಏನೋ ಭಾರವಾದದ್ದು ಹೊರಳುತ್ತಿತ್ತು.

“ರಬ್ಬರಿನ ಹಾವು ಸಿಗತಾವಲ್ಲ. ಜೀವ ಇದ್ದದ್ದ ಬೇಕೇನು?”

“ರಬ್ಬರಿನದಕ್ಕ ಎಷ್ಟು ದಿನ ಅಂಜತಾರ?”

“ನಿನಗ ಅಂಜಿಕಿ ಬರಂಗಿಲ್ಲೇನ?”

“ಬರತೈತಿ,” ಎಂದಳು ಕಿಟಕಿಯ ಹೊರಗೆ ನೋಡುತ್ತ. “ಭಾಳ ಬರತೈತಿ.”

ಹುಡುಗಿ ಬಹಳ ಸೊರಗಿದ್ದಾಳೆಂದು ಅಂದಾನಪ್ಪನಿಗೆ ಆಗ ಕಂಡಿತು. ಕಣ್ಣ ಕೆಳಗೆ ಕಪ್ಪು. ಎರಡು ತಿಂಗಳ ಹಿಂದೆ ಟ್ರಂಕು ಹೊತ್ತು ಇಳಕಲ್ಲಿಗೆ ಬಂದು, ಕಂಪನಿಗೆ ಮತ್ತೆ ಹೋಗುವುದಿಲ್ಲವೆಂದು ನಾಲ್ಕು ದಿನ ಅತ್ತಿದ್ದಳು. ಯಾರೋ ಹೊಸ ನಟಿಗೆ ದೊಡ್ಡ ಪಾತ್ರ ಕೊಟ್ಟಿರಬೇಕು, ಅದಕ್ಕೇ ಈ ಸಿಟ್ಟು ಎಂದುಕೊಂಡು ಅವನೇ ಬುದ್ಧಿ ಹೇಳಿ ಬಸ್ಸು ಹತ್ತಿಸಿದ್ದ. ಈಗ ನೋಡು, ಹೊಸ ನಾಟಕದಲ್ಲಿ ಇವಳದೇ ಮುಖ್ಯ ಪಾತ್ರ. ಅಷ್ಟು ಭಯದಲ್ಲೂ ಅವನಿಗೆ ಸಮಾಧಾನವಾಯಿತು.

ಮಧ್ಯಾಹ್ನ ಇಳಿಹೊತ್ತಿಗೆ ಹುನಗುಂದದಲ್ಲಿದ್ದ ಕಂಪನಿಯ ಕ್ಯಾಂಪು ತಲುಪಿದರು. ಎಲ್ಲರ ಬಿಡಾರಕ್ಕೆಂದು ಕಂಪನಿ ಬಾಡಿಗೆ ಹಿಡಿದಿದ್ದ ವಾಡೆಯ ಅಂಗಳದಲ್ಲಿ ಮಾಲಕ ಬಾಬಣ್ಣ ಕುರ್ಚಿ ಹಾಕಿಸಿಕೊಂಡು ಚಹಾ ಕುಡಿಯುತ್ತಿದ್ದ. ಸುತ್ತ ಏಳೆಂಟು ಜನ ನಟರು. ರತ್ನಾಬಾಯಿ ಬುಟ್ಟಿಯನ್ನು ನೇರ ಅವನ ಮುಂದೆ ಇಳಿಸಿದಳು.

ಅಂದಾನಪ್ಪ ದೂರದಲ್ಲೇ ನಿಂತು ಕೈ ಮುಗಿದ. “ತಗೋರಿ ಮಾಲಕ್ರ, ನಿಮ್ಮ ಹೊಸ ನಾಟಕದ ಹಾವು. ಜೀವ ಕೈಯಾಗ ಹಿಡಕೊಂಡು ತಂದೀವಿ.”

“ಹೊಸ ನಾಟಕ?” ಬಾಬಣ್ಣ ಚಹಾದ ಬಸಿ ಕೆಳಗಿಟ್ಟ. “ಯಾವ ಹೊಸ ನಾಟಕ? ನಾವು ಆಡೂ ಯಾವ ನಾಟಕದಾಗೂ ಹಾವು ಬರಂಗಿಲ್ಲಲ್ಲೋ ಮಾರಾಯ.”

ಅಂದಾನಪ್ಪ ಅಕ್ಕನ ಮಗಳ ಕಡೆ ತಿರುಗಿದ. ಅವಳಾಗಲೇ ಮುಚ್ಚಳ ತೆಗೆದಿದ್ದಳು. ನಡುವಿಗೆ ಎರಡೂ ಕೈ ಕೊಟ್ಟು ಎತ್ತಿ ಹೆಗಲಿಗೆ ಹಾಕಿಕೊಂಡಳು. ನಟರು ಚೀರಿಕೊಂಡು ಕಂಬದ ಹಿಂದೆ, ಕಟ್ಟೆಯ ಮೇಲೆ ಚದುರಿದರು. ಎಲ್ಲರ ಕಣ್ಣೂ ಹಾವಿನ ಮೇಲಿತ್ತು. ಬಾಬಣ್ಣ ಒಬ್ಬನೇ ಕುರ್ಚಿಯಿಂದ ಏಳಲಾರದೆ ರತ್ನಾಬಾಯಿಯ ಮುಖ ನೋಡುತ್ತಿದ್ದ. ಅವಳ ದನಿ ಈಗ ನಡುಗಲಿಲ್ಲ. ಕಟ್ಟೆಯ ತುದಿಯಲ್ಲಿದ್ದವರಿಗೂ ಕೇಳಿಸಿತು.

“ನನ್ನ ಖೋಲಿ ಬಾಗಲದ ಚಿಲಕ ನೀವು ಕೀಳಿಸಿದ ದಿನದಿಂದ ನಾ ಕಣ್ಣು ಮುಚ್ಚಿಲ್ಲ ಮಾಲಕ್ರ, ಇವತ್ತಿನಿಂದ ಆ ಬಾಗಲದಾಗ ಇದು ಮಲಗತೈತಿ.”