ಟಿಟ್ಟಿಭದ ಮೊಟ್ಟೆ ಕದ್ದವರು

ಏಳನೆಯ ಗೂಡೂ ಖಾಲಿಯಾಗಿತ್ತು.

ಪದ್ಮಜಾ ಮಂಡಿಯೂರಿ ನೋಡಿದಳು. ನಿನ್ನೆ ಸಂಜೆ ಈ ಕಲ್ಲುಕುಳಿಯಲ್ಲಿ ಟಿಟ್ಟಿಭ ಹಕ್ಕಿಯ ನಾಲ್ಕು ಮೊಟ್ಟೆಗಳಿದ್ದವು. ಈಗ ಚಿಪ್ಪಿನ ಚೂರೂ ಇಲ್ಲ. ಸುತ್ತ ಅವಳೇ ಹಾಕಿದ ಸುಣ್ಣದ ಗೆರೆ ಮಾತ್ರ ಕಬಡ್ಡಿ ಅಂಕಣದಂತೆ ಅಚ್ಚುಕಟ್ಟಾಗಿತ್ತು.

ಅವಳಿಗೆ ದುಃಖವಾಯಿತು. ಜೊತೆಗೆ, ಹೇಳಬಾರದು, ಸ್ವಲ್ಪ ಖುಷಿಯೂ ಆಯಿತು. ಪಕ್ಷಿವೀಕ್ಷಣೆಯ ಮೇಲೆ ಮೂರು ಪತ್ತೇದಾರಿ ಕಾದಂಬರಿ ಬರೆದವಳಿಗೆ ಕೊನೆಗೂ ಒಂದು ನಿಜವಾದ ಅಪರಾಧ ಸಿಕ್ಕಿತ್ತು. ಆ ಮೂರರಲ್ಲೂ ದುರ್ಬೀನು ಹಿಡಿದ ನಿವೃತ್ತ ಮಾಸ್ತರರೊಬ್ಬರು ಚಹಾ ಆರುವುದರೊಳಗೆ ಕಳ್ಳನನ್ನು ಹಿಡಿಯುತ್ತಿದ್ದರು. ಬೈಲಹೊಂಗಲದ ಓದುಗರಿಗೆ ಅವರೆಂದರೆ ಪ್ರಾಣ. ಕಳ್ಳ ಯಾರೆಂದು ಎರಡನೆಯ ಅಧ್ಯಾಯದಲ್ಲೇ ಗೊತ್ತಾಗುತ್ತಿದ್ದುದರಿಂದ ಓದುವ ಆಯಾಸವೂ ಇರಲಿಲ್ಲ.

ಉಗರಗೋಳದ ಆಚೆ, ಬೇಸಿಗೆಯಲ್ಲಿ ಜಲಾಶಯದ ನೀರು ಹಿಂದೆ ಸರಿದಾಗ ತೆರೆದುಕೊಳ್ಳುವ ಕಲ್ಲುನೆಲ ಅದು. ಟಿಟ್ಟಿಭಗಳು ಅಲ್ಲಿ ಬರಿನೆಲದ ಮೇಲೇ ಮೊಟ್ಟೆ ಇಡುತ್ತವೆ. ಕಲ್ಲಿನ ನಡುವೆ ಕಲ್ಲಿನ ಬಣ್ಣದ ಮೊಟ್ಟೆ. ಎರಡು ಮಾರು ದೂರದಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಇದು ಪದ್ಮಜಾಳಿಗೆ ದೊಡ್ಡ ಅಪಾಯವಾಗಿ ಕಂಡಿತ್ತು. ಟ್ರ್ಯಾಕ್ಟರ್ ಹರಿದರೆ? ರವಿವಾರದ ಪ್ರವಾಸಿಗರು ತುಳಿದರೆ? ಮೂರು ವಾರದ ಹಿಂದೆ ಹತ್ತು ಗೂಡು ಹುಡುಕಿ, ಹತ್ತಕ್ಕೂ ಸುಣ್ಣದ ಪುಡಿಯಿಂದ ಸುತ್ತು ಹಾಕಿದಳು. ಪತ್ರಿಕೆಯಲ್ಲಿ ಅವಳ ಫೋಟೋ ಬಂತು. ಟಿಟ್ಟಿಭದ್ದು ಬರಲಿಲ್ಲ.

ಅಂದಿನಿಂದ ದಿನವೂ ಬಂದು ಕಂಡ ಹಕ್ಕಿಗಳನ್ನೆಲ್ಲ ವಹಿಯಲ್ಲಿ ಬರೆಯುತ್ತಿದ್ದಳು. ಮಿಂಚುಳ್ಳಿಗೆ ಒಂದು ಪುಟ, ನವಿಲಿಗೆ ಎರಡು. ಕಾಗೆಗಳಿಗೆ ಅಂಕಿ ಮಾತ್ರ: ಮೊದಲ ವಾರ ಎರಡು, ಈ ವಾರ ಹನ್ನೊಂದು. ಪಕ್ಷಿವೀಕ್ಷಕರು ಕಾಗೆಯನ್ನು ನೋಡುವುದಿಲ್ಲ, ಎಣಿಸುತ್ತಾರೆ.

ಉಳಿದ ಮೂರು ಗೂಡುಗಳು ಕುರಿಗಾಹಿ ಲಗಮಪ್ಪನ ಹಟ್ಟಿಯ ಪಕ್ಕದಲ್ಲಿದ್ದವು. ತನ್ನ ಓಣಿಯಲ್ಲಿ ಕೈ ಹಾಕದವನೇ ಕಳ್ಳ ಎಂಬುದು ಮಾಸ್ತರರ ಮೊದಲ ಸೂತ್ರ. ಪದ್ಮಜಾ ಅಲ್ಲಿಗೆ ನಡೆದಳು. ಮೂರಕ್ಕೂ ಹಾಕಿದ್ದ ಸುಣ್ಣವನ್ನು ಯಾರೋ ತಿಕ್ಕಿ ಅಳಿಸಿದ್ದರು. ಲಗಮಪ್ಪನ ಚಪ್ಪಲಿ ಬೆಳ್ಳಗಿದ್ದವು.

ಅವಳು ಫೋನು ಮಾಡಿದ ಒಂದು ತಾಸಿಗೆ ಅರಣ್ಯ ಇಲಾಖೆಯ ಗಾರ್ಡ್ ವೀರಪ್ಪ ಬೈಕಿನಲ್ಲಿ ಬಂದ. ಪದ್ಮಜಾ ವಿಚಾರಣೆ ಶುರು ಮಾಡಿದಳು.

"ಸುಣ್ಣಾ ಅಳಿಸಿದವರು ನೀವಽ ಏನ್ರಿ?"

"ಹೌದ್ರಿ ಬಾಯಾರ. ಕಾಲಿಲೆ ತಿಕ್ಕೇನಿ," ಎಂದ ಲಗಮಪ್ಪ.

"ಯಾಕ?"

"ಅಲ್ಲಿ ಅದು ಬ್ಯಾಡಾಗಿತ್ರಿ."

"ಸುಣ್ಣಾ ಇಲ್ಲಂದ್ರ ಗೂಡು ಎಲ್ಲಿ ಅದಾವಂತ ಹೆಂಗ ಗೊತ್ತಾಗಬೇಕು?"

"ಮಂದಿಗೆ ಯಾಕ ಗೊತ್ತಾಗಬೇಕ್ರಿ? ಹಕ್ಕಿಗೆ ಗೊತ್ತಿದ್ರ ಸಾಕು."

ಪದ್ಮಜಾ ವಹಿಯಲ್ಲಿ 'ಸಾಕ್ಷ್ಯನಾಶ' ಎಂದು ಬರೆದು, ಕೆಳಗೆ 'ಉದ್ಧಟತನ' ಎಂದೂ ಸೇರಿಸಿದಳು.

"ಏಳು ಗೂಡಿನ ಮೊಟ್ಟಿ ತಿಂದು ಈಗ ಗುರ್ತಾ ಅಳಸ್ಲಿಕ್ಕೆ ಹತ್ಯಾರ, ವೀರಪ್ಪಾ."

ಲಗಮಪ್ಪ ನಕ್ಕ. "ಮನಿಯಾಗ ಇಪ್ಪತ್ತು ಕೋಳಿ ಅದಾವರಿ. ನಿಂಬಿಹಣ್ಣಿನಷ್ಟ ಮೊಟ್ಟಿಗೆ ಇಷ್ಟ ಬಿಸಲಾಗ ಸೊಂಟಾ ಬಗ್ಗಸ್ಲೇನ್ರಿ ನಾ?"

"ಕಾಕಾ, ನಗಬ್ಯಾಡ್ರಿ," ಎಂದ ವೀರಪ್ಪ. "ಮೇಡಂ ಅರ್ಜಿ ಕೊಟ್ರ ನೀವು ಇವತ್ತಽ ಕುರಿ ಹೊಡಕೊಂಡ ಹೋಗಬೇಕಾಕೈತಿ."

ಲಗಮಪ್ಪನ ನಗು ಹೋಯಿತು. ಈ ನೀರದಂಡೆ ಬಿಟ್ಟರೆ ಅವನ ಕುರಿಗಳಿಗೆ ಹಸಿರು ಇದ್ದದ್ದು ಯರಗಟ್ಟಿಯ ತಮ್ಮನ ಹೊಲದಲ್ಲಿ ಮಾತ್ರ.

"ಎರಡು ಕುರಿ ತುಂಬಿದ ಗಬ್ಬ ಅದಾವಪಾ. ಯರಗಟ್ಟಿ ಮಟಾ ನಡಿಸಿದ್ರ ಹಾದ್ಯಾಗ ಕಳಕೋತೇನಿ. ನಾಕ ದಿನಾ ಕೊಡ್ರಿ ಬಾಯಾರ. ನನ್ನವೂ ಈಯತಾವ, ಆ ಮೂರು ಗೂಡಾಗೂ ಮರಿ ಆಗ್ತಾವ. ಆಮ್ಯಾಲೆ ನಾನಽ ಹೊಕ್ಕೇನಿ."

ಅಪರಾಧಿ ಕಾಲಾವಕಾಶ ಕೇಳುವುದು ಮಾಲು ಸಾಗಿಸಲು ಎಂದು ಮಾಸ್ತರರು ಎರಡನೆಯ ಕಾದಂಬರಿಯಲ್ಲಿ ಹೇಳಿದ್ದರು. ಮಾಸ್ತರರ ಮಾತು ಇದುವರೆಗೆ ಸುಳ್ಳಾಗಿರಲಿಲ್ಲ. ಅವರ ಕಥೆಗಳನ್ನು ಬರೆಯುತ್ತಿದ್ದವಳು ಪದ್ಮಜಾಳೇ ಆಗಿದ್ದಳು. ಅವಳು ಅರ್ಜಿಗೆ ಸಹಿ ಹಾಕಿದಳು.

ಮಧ್ಯಾಹ್ನಕ್ಕೆ ಹಟ್ಟಿ ಎದ್ದಿತು. ಗಬ್ಬದ ಕುರಿಯೊಂದು ಏರು ಹತ್ತುವಾಗ ಎರಡು ಸಲ ಕುಸಿದು ಕುಳಿತಿತು. ಎರಡು ಸಲವೂ ಲಗಮಪ್ಪ ಅದರ ಪಕ್ಕದಲ್ಲಿ ತಾನೂ ಕುಳಿತ. ಆಮೇಲೆ ಹಿಂಡು, ನಾಯಿ, ಧೂಳು ಎಲ್ಲವೂ ರಸ್ತೆಯ ಕಡೆ ಮರೆಯಾದವು.

"ಇನ್ನ ಕಾಳಜಿ ಇಲ್ಲ," ಎಂದಳು ಪದ್ಮಜಾ. ಉಳಿದ ಮೂರು ಗೂಡಿಗೂ ಹೊಸದಾಗಿ ಸುಣ್ಣ ಸುರಿದಳು, ಈ ಸಲ ಅಂಗೈ ಅಗಲದ ಪಟ್ಟಿ. ತಲೆಯ ಮೇಲೆ ಟಿಟ್ಟಿಭಗಳು ಸುತ್ತಿ ಸುತ್ತಿ ಚೀರಿದವು. 'ಕೃತಜ್ಞತೆ' ಎಂದು ಅವಳು ಬರೆದುಕೊಂಡಳು.

"ನಮಗೂ ಹಾಕಾಕ ಕಲಿಸ್ರಿ ಮೇಡಂ," ಎಂದ ವೀರಪ್ಪ. "ಬ್ಯಾರೆ ಕೆರಿಗೂ ಮಾಡಬಹುದು." ಅವಳು ಬರಿಯ ನೆಲದ ಮೇಲೆ ಇನ್ನೊಂದು ಸುತ್ತು ಹಾಕಿ ತೋರಿಸಿದಳು. ಕೈ ಎಷ್ಟು ಎತ್ತರದಲ್ಲಿರಬೇಕು, ಪುಡಿ ಹೇಗೆ ಬೀಳಬೇಕು, ಎಲ್ಲವನ್ನೂ ವಿವರಿಸಿದಳು. ವೀರಪ್ಪ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡ.

ಇಬ್ಬರೂ ದೂರದ ಜಾಲಿಯ ನೆರಳಿಗೆ ಬಂದು ಕುಳಿತರು. ಪದ್ಮಜಾ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ, ನಾಲ್ಕನೆಯ ಕಾದಂಬರಿಯ ಕೊನೆಯ ಅಧ್ಯಾಯಕ್ಕೆ ತಲೆಬರಹ ಹಾಕಿದಳು. ಆಗ ರೆಕ್ಕೆಯ ಸದ್ದಾಯಿತು. ಅಪ್ಪನ ಶ್ರಾದ್ಧದ ದಿನ ತಾಸುಗಟ್ಟಲೆ ಕರೆದರೂ ಬಾರದಿದ್ದ ಕಾಗೆಗಳು ಕರೆಯದೆಯೇ ಬಂದಿದ್ದವು. ಅವು ಹುಡುಕಾಡಲಿಲ್ಲ.

ಎಲ್ಲಕ್ಕಿಂತ ಮುಂದಿದ್ದ ಕಾಗೆ, ವೀರಪ್ಪನಿಗೆ ಕಲಿಸಲೆಂದು ಬರಿನೆಲದ ಮೇಲೆ ಹಾಕಿದ ಸುತ್ತಿನ ನಟ್ಟನಡುವೆ ಇಳಿದು, ಕಲ್ಲುಗಳನ್ನು ಒಂದೊಂದಾಗಿ ಮಗುಚಿ, ಬಡಿಸುವುದು ಮರೆತಿರೇನು ಎಂಬಂತೆ ಪದ್ಮಜಾಳ ಕಡೆ ಒಮ್ಮೆ ನೋಡಿ, ಪಕ್ಕದ ಸುತ್ತಿಗೆ ನಡೆಯಿತು.